ಕಾಂಗರೂ ಹೊಡೆಯುವ ಕೆಲಸ: ಚಿಲ್ಲರ್ ರಿಪೇರಿಯವನು ಕಂಡದ್ದು

ತಂಪುಪೆಟ್ಟಿಗೆ, ಚಾರ್ಲವಿಲ್

ಹೋದ ವಾರ ಈ ಚರ್ಚಾಕಟ್ಟೆಯಲ್ಲಿ ಒಬ್ಬರು, ‘ಆಸ್ಟ್ರೇಲಿಯಾದಲ್ಲಿ ಸಂಬಳ ಕೊಟ್ಟು ಕಾಂಗರೂ ಹೊಡೆಸುತ್ತಾರಂತೆ, ನಿಜವೇ?’ ಎಂದು ಕೇಳಿದ್ದರು. ಹತ್ತು ಜನ ನಕ್ಕು ಹೋದರು, ಉತ್ತರ ಯಾರೂ ಕೊಡಲಿಲ್ಲ. ಸಂಬಳವಿಲ್ಲ, ಕಿಲೋ ಲೆಕ್ಕದಲ್ಲಿ ದುಡ್ಡು. ಆ ಕೆಲಸದ ಬಾಲದ ತುದಿಯಲ್ಲಿ ನಿಂತಿರುವವನು ನಾನು, ಆದ್ದರಿಂದ ಕಂಡಷ್ಟು ಬರೆಯುತ್ತೇನೆ.

ನಾನು ತಿಪಟೂರಿನ ಕಡೆಯವನು. ಇಲ್ಲಿ ಫ್ರಿಜ್, ಏಸಿ, ಕೋಲ್ಡ್ ರೂಮ್ ರಿಪೇರಿ ಮಾಡುತ್ತೇನೆ. ಬ್ರಿಸ್ಬೇನ್ ಬಿಟ್ಟು ಪಶ್ಚಿಮಕ್ಕೆ 700 ಕಿಲೋಮೀಟರ್ ದಾಟಿದ ಮೇಲೆ ಚಾರ್ಲವಿಲ್ ಸಿಗುತ್ತದೆ. ಅಲ್ಲಿಂದಾಚೆಗೆ ಕೆಂಪು ಮಣ್ಣು, ಮುಲ್ಗಾ ಎಂಬ ಗಿಡದ ಕುರುಚಲು, ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಅರ್ಧ ಗಂಟೆಯ ದಾರಿ. ಊರ ಹೊರಗೆ ಅಲ್ಲಲ್ಲಿ ಹಡಗಿನ ಕಂಟೇನರ್‌ನಂಥ ಬಿಳಿ ಪೆಟ್ಟಿಗೆಗಳು ನಿಂತಿರುತ್ತವೆ. ಅವೇ ಚಿಲ್ಲರ್. ರಾತ್ರಿ ಹೊಡೆದ ಕಾಂಗರೂಗಳನ್ನು ತಂದು ಅದರೊಳಗೆ ನೇತುಹಾಕುತ್ತಾರೆ. ಸೂರ್ಯ ಹುಟ್ಟಿದ ಎರಡು ಗಂಟೆಯೊಳಗೆ ಬಾಗಿಲು ಹಾಕಿರಬೇಕು, 24 ಗಂಟೆಯೊಳಗೆ ಮಾಂಸದ ಒಳಗಿನ ಶಾಖ 7 ಡಿಗ್ರಿಗೆ ಇಳಿದಿರಬೇಕು. ಇಳಿಯದಿದ್ದರೆ ನನಗೆ ಫೋನ್ ಬರುತ್ತದೆ.

ಹೋದ ಜೂನ್‌ನಲ್ಲಿ ಹೀಗೇ ಒಂದು ಫೋನ್ ಬಂತು. ಥರ್ಮೋಸ್ಟ್ಯಾಟ್ ಕೆಟ್ಟಿತ್ತು. ಸರಿಮಾಡುವಷ್ಟರಲ್ಲಿ ಸಂಜೆಯಾಯಿತು. ಪೆಟ್ಟಿಗೆಗೆ ಮಾಲು ತುಂಬುವವನು ಅರುವತ್ತು ದಾಟಿದ ಮನುಷ್ಯ. ಹೆಸರು ಬೇಡ, ಯಜಮಾನ ಎಂದುಕೊಳ್ಳೋಣ. ‘ಇಷ್ಟು ವರ್ಷ ನನ್ನ ಪೆಟ್ಟಿಗೆ ರಿಪೇರಿ ಮಾಡುತ್ತೀಯ, ಅದಕ್ಕೆ ಮಾಲು ಹೇಗೆ ಬರುತ್ತದೆಂದು ನೋಡಿಲ್ಲವಲ್ಲ’ ಎಂದ. ಹತ್ತಿದೆ.

ಗಾಡಿಯ ಬಗ್ಗೆ ಹೇಳಬೇಕು, ಏಕೆಂದರೆ ಅರ್ಧ ಕೆಲಸ ಗಾಡಿಯದೇ. ಹಿಂದೆ ತೆರೆದ ಪಿಕಪ್, ಇಲ್ಲಿ ಯೂಟ್ ಎನ್ನುತ್ತಾರೆ. ಅದರ ಮೇಲೆ ಉಕ್ಕಿನ ಚೌಕಟ್ಟು, ಎರಡು ಬದಿಗೂ ಸಾಲಾಗಿ ಕೊಕ್ಕೆಗಳು. ಒಂದು ಮೂಲೆಯಲ್ಲಿ ನೀರಿನ ತೊಟ್ಟಿ, ಕೈ ಮತ್ತು ಚಾಕು ತೊಳೆಯಲು ಸೋಂಕುನಾಶಕ. ಚಾಕು ಮಸೆಯುವ ಸಲಾಕೆ ಸೊಂಟಕ್ಕೆ. ಮಾಡಿನ ಮೇಲೆ ಒಳಗಿನಿಂದಲೇ ತಿರುಗಿಸಬಹುದಾದ ಸ್ಪಾಟ್‌ಲೈಟ್. ಚಾಲಕನ ಕಿಟಕಿಯ ಮೇಲೆ ಕೋವಿ ಊರಲು ಮೆತ್ತೆ ಸುತ್ತಿದ ಕಂಬಿ. ತಾನೇ ಡ್ರೈವರ್, ತಾನೇ ಬೆಳಕಿನವನು, ತಾನೇ ಈಡುಗಾರ, ತಾನೇ ಕಟುಕ.

ಮೊದಲ ಒಂದು ಗಂಟೆ ಏನೂ ಇಲ್ಲ. ಆಮೇಲೆ ಬೆಳಕಿನಂಚಿನಲ್ಲಿ ಕಣ್ಣುಗಳು. ಹತ್ತೋ ಹನ್ನೆರಡೋ. ನನಗೆ ಎಲ್ಲವೂ ಒಂದೇ ಥರ ಕಂಡವು. ಅವನು ‘ಎಡದಿಂದ ಮೂರನೆಯದು ಗಂಡು, ಉಳಿದವು ಹೆಣ್ಣು, ಮರಿ’ ಎಂದ. ಭುಜದ ಅಗಲ ಮತ್ತು ತೋಳು ನೋಡಿ ಹೇಳುತ್ತಾನೆ. ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದ. ಎಪ್ಪತ್ತೆಂಬತ್ತು ಮೀಟರ್ ದೂರ. ಪ್ರಾಣಿ ಪಕ್ಕಕ್ಕೆ ತಿರುಗಿತ್ತು, ಅವನು ಹೊಡೆಯಲಿಲ್ಲ. ಅದು ತಲೆಯೆತ್ತಿ ನೆಟ್ಟಗೆ ಬೆಳಕು ನೋಡುವವರೆಗೆ ಕಾದ. ಒಂದು ಈಡು. ಬಿತ್ತು ಎನ್ನುವುದಕ್ಕಿಂತ ಇದ್ದಲ್ಲೇ ಕುಸಿಯಿತು. ನಾನು ಉಳಿದವು ದಿಕ್ಕಾಪಾಲಾಗಿ ಓಡುತ್ತವೆ ಎಂದುಕೊಂಡಿದ್ದೆ. ಎರಡು ನೆಗೆದು ದೂರ ಹೋದವು, ಮಿಕ್ಕವು ನಮ್ಮನ್ನೇ ನೋಡುತ್ತ ನಿಂತಿದ್ದವು.

ಇಳಿದು ಹೋಗಿ ಅವನು ಮೊದಲು ಮಾಡಿದ್ದು ಬಗ್ಗಿ ಬೆರಳ ತುದಿಯಿಂದ ಅದರ ಕಣ್ಣುಗುಡ್ಡೆ ಮುಟ್ಟಿದ್ದು. ರೆಪ್ಪೆ ಮಿಟುಕಿದರೆ ಜೀವ ಇದೆ ಎಂದರ್ಥ. ಅದನ್ನು ನೋಡಿದ ಮೇಲೇ ಚಾಕು. ಕೊಕ್ಕೆಗೆ ಎತ್ತಿ ರಕ್ತ ಇಳಿಸಿ, ಹೊಟ್ಟೆ ಸೀಳಿ, ಟಾರ್ಚ್ ಹಿಡಿದು ಪಿತ್ತಜನಕಾಂಗ, ಶ್ವಾಸಕೋಶ ನೋಡಿದ. ಗಂಟು, ಕೀವು ಏನಾದರೂ ಕಂಡರೆ ಅಲ್ಲೇ ಬಿಟ್ಟು ಹೋಗಬೇಕು. ತಲೆ, ಪಂಜಗಳು ನೆಲಕ್ಕೆ. ಚರ್ಮ ಮಾತ್ರ ಸುಲಿಯುವುದಿಲ್ಲ, ಅದು ಫ್ಯಾಕ್ಟರಿಯವರೆಗೂ ಮಾಂಸದ ಮೇಲೇ ಇರುತ್ತದೆ. ಕೊನೆಗೆ ನಂಬರ್ ಇರುವ ಪ್ಲಾಸ್ಟಿಕ್ ಟ್ಯಾಗ್. ಒಮ್ಮೆ ಬಿಗಿದರೆ ಬಿಚ್ಚಲಾಗದು. ಟ್ಯಾಗ್ ಇಲ್ಲದ ಕಾಂಗರೂವನ್ನು ಪೆಟ್ಟಿಗೆಯಲ್ಲಿಟ್ಟರೆ ಲೈಸೆನ್ಸ್‌ಗೇ ಕುತ್ತು.

ಬೆಳಗಿನ ಐದಕ್ಕೆ ಹತ್ತೊಂಬತ್ತು ತೂಗುತ್ತಿದ್ದವು. ಆ ವಾರದ ದರ ಕಿಲೋಗೆ ಒಂದು ಡಾಲರ್‌ಗಿಂತ ಕಡಿಮೆ. ಇಲ್ಲಿನ ಒಂದು ಡಾಲರ್ ನಾಣ್ಯದ ಮೇಲೆ ಐದು ಕಾಂಗರೂಗಳಿವೆ, ನೋಡಿದವರಿಗೆ ಗೊತ್ತು. ಅದರಲ್ಲಿ ಡೀಸೆಲ್, ತೋಟಾ, ಟ್ಯಾಗ್, ಟೈರ್ ಕಳೆಯಿರಿ.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಆ ರಾತ್ರಿ ಒಂದು ಈಡು ತಪ್ಪಿತು. ಕೋವಿಯ ಕುದುರೆ ಎಳೆಯುವ ಹೊತ್ತಿಗೆ ಪ್ರಾಣಿ ತಲೆ ಆಡಿಸಿತು, ಗುಂಡು ಕುತ್ತಿಗೆಯ ಕೆಳಗೆ ಹೋಯಿತು. ಅದು ಕುರುಚಲಿನೊಳಗೆ ನುಗ್ಗಿತು. ನಲವತ್ತು ನಿಮಿಷ ಹುಡುಕಿ ಮುಗಿಸಿದ. ತಲೆಗೆ ಬೀಳದ ಪ್ರಾಣಿಯನ್ನು ಫ್ಯಾಕ್ಟರಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಅದನ್ನು ಅಲ್ಲೇ ಬಿಟ್ಟೆವು. ಆಮೇಲೆ ಒಂದು ಗಂಟೆ ಅವನು ಮಾತಾಡಲಿಲ್ಲ.

ಪ್ರಶ್ನೆ ಇದ್ದರೆ ಕೇಳಿ.

ಮೂಡಿಗೆರೆ ಗೌಡ

ಈಡು ಎಂಬ ಶಬ್ದ ಓದಿಯೇ ಖುಷಿಯಾಯಿತು. ನಮ್ಮಜ್ಜನ ಜೋಡುನಳಿಗೆ ಕೋವಿ ಇನ್ನೂ ಅಟ್ಟದ ಮೇಲಿದೆ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಷಿಕಾರಿ ಎನ್ನುವುದು ಬಾಯಿಮಾತಿನಲ್ಲಿ ಮಾತ್ರ. ಹೋದ ತಿಂಗಳು ಹಂದಿಗಳು ಒಂದೇ ರಾತ್ರಿಗೆ ಗದ್ದೆ ಉತ್ತುಬಿಟ್ಟ ಹಾಗೆ ಮಾಡಿ ಹೋಗಿವೆ, ಪರಿಹಾರದ ಅರ್ಜಿ ಬರೆದುಕೊಂಡು ಕೂತಿದ್ದೇನೆ. ಅಲ್ಲಿ ಸರಕಾರವೇ ಹೊಡೆಯಿರಿ ಎನ್ನುತ್ತದಲ್ಲ, ಪುಣ್ಯವಂತರು. ಒಂದು ಕೇಳುತ್ತೇನೆ: ಹತ್ತೊಂಬತ್ತು ಎಂದರೆ ಒಳ್ಳೆಯ ರಾತ್ರಿಯೋ ಕೆಟ್ಟದ್ದೋ?

ತಂಪುಪೆಟ್ಟಿಗೆ

ಗೌಡರೇ, ನಡುಮಟ್ಟದ ರಾತ್ರಿಯಂತೆ. ಹುಣ್ಣಿಮೆಯ ಆಸುಪಾಸು, ಗಾಳಿ ಜೋರಿದ್ದ ದಿನ ಪ್ರಾಣಿಗಳು ಹತ್ತಿರ ಸೇರಿಸುವುದಿಲ್ಲ. ಮಳೆ ಬಂದರೆ ಕಪ್ಪುಮಣ್ಣಿನ ದಾರಿಯಲ್ಲಿ ಗಾಡಿ ಹೂತುಹೋಗುತ್ತದೆ, ವಾರಗಟ್ಟಲೆ ಮನೆಯಲ್ಲೇ. ಬೇಸಿಗೆಯಲ್ಲಿ ರಾತ್ರಿಯೂ ಸೆಕೆ, ಮಾಂಸ ಕೆಡುವ ಭಯ. ತಿಂಗಳಿಗೆ ಎಷ್ಟು ರಾತ್ರಿ ಉಳಿಯುತ್ತದೆ ನೀವೇ ಎಣಿಸಿ.

‘ಸರಕಾರವೇ ಹೊಡೆಯಿರಿ ಎನ್ನುತ್ತದೆ’ ಎನ್ನುವುದು ಪೂರ್ತಿ ಸರಿಯಲ್ಲ. ಹೊಡೆಯಲು ಬಿಡುತ್ತದೆ, ಲೆಕ್ಕ ಹಾಕಿ.

ಸುಮಾ, ಮೆಲ್ಬರ್ನ್

ತುಂಬ ಚೆನ್ನಾಗಿ ಬರೆದಿದ್ದೀರಿ, ಅದೇ ನನ್ನ ತಕರಾರು. ಚೆನ್ನಾಗಿ ಬರೆದರೆ ಕೊಲೆಯೂ ಕುಶಲಕರ್ಮ ಎನಿಸಿಬಿಡುತ್ತದೆ. ನಾವು ಇಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಕಾಂಗರೂಗೆ ಕಾಳು ತಿನ್ನಿಸಿ ಫೋಟೊ ತೆಗೆಯುತ್ತೇವೆ. ದೇಶದ ಲಾಂಛನದಲ್ಲಿ, ವಿಮಾನದ ಬಾಲದ ಮೇಲೆ ಅದೇ ಪ್ರಾಣಿ. ರಾತ್ರಿಯಾದರೆ ಕೊಕ್ಕೆಗೆ.

ಗಂಡನ್ನು ಹೊಡೆದದ್ದು ಮಾತ್ರ ಬರೆದು ಮರಿಗಳ ವಿಷಯ ದಾಟಿಕೊಂಡು ಹೋದಿರಿ. ಹೆಣ್ಣನ್ನು ಹೊಡೆದರೆ ಚೀಲದಲ್ಲಿರುವ ಮರಿಗೆ ಏನಾಗುತ್ತದೆ? ನೇರವಾಗಿ ಹೇಳಿ.

ತಂಪುಪೆಟ್ಟಿಗೆ

ಸುಮಾ ಅಕ್ಕ, ದಾಟಿಕೊಂಡು ಹೋದದ್ದು ನಿಜ. ಆ ರಾತ್ರಿ ಹೆಣ್ಣು ಹೊಡೆಯಲಿಲ್ಲ, ಆದ್ದರಿಂದ ನಾನು ಕಣ್ಣಾರೆ ಕಂಡಿಲ್ಲ. ಕೇಳಿದ್ದನ್ನು ಹೇಳುತ್ತೇನೆ.

ನಿಯಮ ಹೀಗಿದೆ: ಹೆಣ್ಣನ್ನು ಹೊಡೆದರೆ ತಕ್ಷಣ ಚೀಲದೊಳಗೆ ಕೈಹಾಕಿ ನೋಡಬೇಕು. ಮರಿ ಇದ್ದರೆ ಅದನ್ನೂ ಅಲ್ಲೇ ಕೊಲ್ಲಬೇಕು, ಸಾಮಾನ್ಯವಾಗಿ ತಲೆಗೆ ಒಂದೇ ಬಲವಾದ ಪೆಟ್ಟಿನಿಂದ. ಬಿಟ್ಟು ಬಂದರೆ ಅದು ಹಸಿವಿನಿಂದಲೋ ಚಳಿಯಿಂದಲೋ ನರಿಯ ಬಾಯಲ್ಲೋ ಸಾಯುತ್ತದೆ ಎಂಬುದು ಅದರ ಹಿಂದಿನ ತರ್ಕ. ಯಜಮಾನ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದನ್ನು ಮಾಡಿದ್ದಾನೆ. ಯೂಟಿನ ಹಿಂದೆ ಎಳೆಬಂಡಿ ಸಿಕ್ಕಿಸುವ ಕಬ್ಬಿಣದ ಟೋ ಬಾರ್ ಕಡೆ ಗದ್ದ ತೋರಿಸಿ ‘ಇದಕ್ಕೆ’ ಎಂದ, ಅಷ್ಟೇ. ನಾನು ಮತ್ತೆ ಕೇಳಲಿಲ್ಲ.

ಈಗ ಹತ್ತು ಹದಿನೈದು ವರ್ಷಗಳಿಂದ ಕೊಳ್ಳುವವರು ಬಹುಮಟ್ಟಿಗೆ ಗಂಡನ್ನೇ ಕೇಳುತ್ತಾರೆ. ಕರುಣೆ ಬಂದು ಅಂತಲ್ಲ. ಮರಿ ಕೊಲ್ಲುವ ಚಿತ್ರಗಳು ವಿದೇಶದ ಗಿರಾಕಿಗಳ ಕಣ್ಣಿಗೆ ಬಿದ್ದವು, ಮಾರುಕಟ್ಟೆ ಬೆದರಿತು. ಗಂಡಿನ ತೂಕವೂ ಹೆಚ್ಚು.

ಗೋಡಾಕ್ಟರ್, ಅಡಿಲೇಡ್

ನಾನು ದನದ ಡಾಕ್ಟರ್, ಈ ಚೀಲದ ಪ್ರಾಣಿಗಳನ್ನು ಇಲ್ಲಿಗೆ ಬಂದ ಮೇಲೆ ಕಲಿತದ್ದು. ಮರಿಯ ಪ್ರಶ್ನೆ ಇಷ್ಟು ಕಗ್ಗಂಟಾಗುವುದು ಏಕೆ ಎಂದು ಎರಡು ಮಾತು.

ಕೆಂಪು ಕಾಂಗರೂವಿನ ಗರ್ಭ ಕೇವಲ 33 ದಿನ. ಹುಟ್ಟುವಾಗ ಮರಿ ಅವರೆಕಾಳಿನಷ್ಟು. ಅದೇ ತೆವಳಿಕೊಂಡು ಚೀಲ ಸೇರಿ ಮೊಲೆತೊಟ್ಟು ಕಚ್ಚಿಕೊಳ್ಳುತ್ತದೆ, ಸುಮಾರು ಎಂಟು ತಿಂಗಳು ಅಲ್ಲೇ. ಅದು ಹೊರಗೆ ಬಂದು ಅಮ್ಮನ ಹಿಂದೆ ಓಡಾಡುವ ಹೊತ್ತಿಗೆ ಚೀಲದಲ್ಲಿ ಇನ್ನೊಂದು ಬಂದಿರುತ್ತದೆ, ಗರ್ಭದಲ್ಲಿ ಮೂರನೆಯದು ಬೆಳೆಯದೆ ಕಾಯುತ್ತಿರುತ್ತದೆ. ಒಂದು ತೊಟ್ಟಿನಲ್ಲಿ ಸಣ್ಣದಕ್ಕೆ ತೆಳು ಹಾಲು, ಪಕ್ಕದ ತೊಟ್ಟಿನಲ್ಲಿ ದೊಡ್ಡದಕ್ಕೆ ಕೊಬ್ಬಿನ ಹಾಲು, ಒಂದೇ ಹೊತ್ತಿಗೆ. ಮೇವು ಚೆನ್ನಾಗಿರುವ ವರ್ಷ ಮರಿಯಿಲ್ಲದ ದೊಡ್ಡ ಹೆಣ್ಣು ಸಿಗುವುದೇ ಅಪರೂಪ. ಚೀಲದೊಳಗಿನದನ್ನು ನಿಯಮ ನೋಡಿಕೊಳ್ಳುತ್ತದೆ. ಹೊರಗೆ ಬಂದು ಇನ್ನೂ ಹಾಲು ಕುಡಿಯುತ್ತಿರುವುದು ಕತ್ತಲಲ್ಲಿ ಓಡಿಹೋಗುತ್ತದೆ. ಅದನ್ನು ಹಿಡಿಯುವುದು ಯಾರು?

ನಿಖರತೆಯ ಬಗ್ಗೆ: ಇಲ್ಲಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ 2002ರಲ್ಲಿ ಒಂದು ವರದಿ ಮಾಡಿತ್ತು. ಪರೀಕ್ಷಿಸಿದ ಪ್ರಾಣಿಗಳಲ್ಲಿ 95.9 ಶೇಕಡಾ ತಲೆಗೇ ಹೊಡೆದವು.

ಸುಮಾ, ಮೆಲ್ಬರ್ನ್

ಡಾಕ್ಟರೇ, ಆ ಅಂಕಿಯನ್ನು ಎಲ್ಲರೂ ತೋರಿಸುತ್ತಾರೆ. ಆದರೆ ನೋಡಿದ್ದು ಎಲ್ಲಿ? ಚಿಲ್ಲರ್‌ಗೆ, ಫ್ಯಾಕ್ಟರಿಗೆ ಬಂದ ಪ್ರಾಣಿಗಳನ್ನು. ತಂಪುಪೆಟ್ಟಿಗೆ ಅವರೇ ಬರೆದಿದ್ದಾರೆ, ಕುತ್ತಿಗೆಗೆ ಬಿದ್ದದ್ದನ್ನು ಕಾಡಿನಲ್ಲೇ ಬಿಟ್ಟು ಬಂದೆವು ಎಂದು. ಅದು ಯಾವ ಲೆಕ್ಕಕ್ಕೆ ಬಂತು? ನೂರಾರು ಕಿಲೋಮೀಟರ್ ಆಚೆ, ನಡುರಾತ್ರಿ, ಒಬ್ಬನೇ ಮನುಷ್ಯ. ಅವನು ಕಣ್ಣು ಮುಟ್ಟಿ ನೋಡಿದನೇ, ಚೀಲಕ್ಕೆ ಕೈಹಾಕಿದನೇ ಎಂದು ಯಾರು ನೋಡುತ್ತಾರೆ? ನಿಮ್ಮ ಯಜಮಾನ ಒಳ್ಳೆಯವನಿರಬಹುದು. ನಿಯಮವನ್ನು ಒಳ್ಳೆಯವರನ್ನು ನಂಬಿ ಬರೆಯಬಾರದು.

ತಂಪುಪೆಟ್ಟಿಗೆ

ಇದಕ್ಕೆ ನನ್ನ ಬಳಿ ಉತ್ತರವಿಲ್ಲ ಅಕ್ಕ. ಆ ರಾತ್ರಿ ಪಕ್ಕದಲ್ಲಿ ನಾನಿದ್ದೆ ಎಂದೇ ನಲವತ್ತು ನಿಮಿಷ ಹುಡುಕಿದನೋ ಎಂದು ನನಗೂ ಒಮ್ಮೆ ಅನಿಸಿತ್ತು. ಅವನನ್ನು ಬಲ್ಲೆ, ಹಾಗಲ್ಲ ಎಂದುಕೊಳ್ಳುತ್ತೇನೆ. ಆದರೆ ಬಲ್ಲೆ ಎನ್ನುವುದು ಸಾಕ್ಷಿಯಲ್ಲ.

ಒಂದು ಮಾತ್ರ ಸೇರಿಸುತ್ತೇನೆ. ಬೆಳೆ, ಮೇವು ಹಾಳಾಗುತ್ತದೆಂದು ಜಮೀನಿನವರೂ ಬೇರೆ ಅನುಮತಿ ಪಡೆದು ಹೊಡೆಯುತ್ತಾರೆ. ಆ ಪ್ರಾಣಿಗಳು ಸಾಮಾನ್ಯವಾಗಿ ಮಾರುಕಟ್ಟೆಗೆ ಹೋಗುವುದಿಲ್ಲ, ಬಿದ್ದಲ್ಲೇ ಕೊಳೆಯುತ್ತವೆ. ಅದಕ್ಕೂ ಪುಸ್ತಕದಲ್ಲಿ ನಿಯಮವಿದೆ, ಆದರೆ ಗುಂಡು ಎಲ್ಲಿ ಬಿತ್ತು ಎಂದು ನೋಡಲು ಅಲ್ಲಿ ಫ್ಯಾಕ್ಟರಿಯೂ ಇಲ್ಲ, ಮಾಲು ಬೇಡ ಎಂದಾರೆಂಬ ಹೆದರಿಕೆಯೂ ಇಲ್ಲ. ಮಾಂಸಕ್ಕೆ ಗಿರಾಕಿ ಕಡಿಮೆಯಾದಷ್ಟೂ ಅಂಥ ಹೊಡೆತ ಹೆಚ್ಚುತ್ತದೆ ಎನ್ನುವುದು ಯಜಮಾನನ ದೊಡ್ಡ ಸಿಟ್ಟು.

ತೋಕ್, ವಿರಾಜಪೇಟೆ

ನಾವು ಕೈಲ್‌ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವವರು, ಲೈಸೆನ್ಸ್‌ನಿಂದಲೂ ವಿನಾಯಿತಿ ಇದೆ. ಆದ್ದರಿಂದ ಕುತೂಹಲ: ಯಾವ ಕೋವಿ? ಬಂದೂಕಿನ ಕಾನೂನು ಅಲ್ಲಿ ಬಹಳ ಬಿಗಿ ಎಂದು ಕೇಳಿದ್ದೇನೆ.

ತಂಪುಪೆಟ್ಟಿಗೆ

ಪಾಯಿಂಟ್ 223 ಅಳತೆಯ ತೋಟಾದ, ದುರ್ಬೀನು ಕೂರಿಸಿದ ಬೋಲ್ಟ್ ರೈಫಲ್. ಪ್ರತಿ ಈಡಿಗೂ ಕೈಯಿಂದ ಎಳೆದು ತೋಟಾ ಏರಿಸಬೇಕು. 1996ರ ಏಪ್ರಿಲ್‌ನಲ್ಲಿ ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ ಮೇಲೆ ಕಾನೂನು ಬಿಗಿಯಾಯಿತು, ತನ್ನಷ್ಟಕ್ಕೆ ತೋಟಾ ಏರಿಸಿಕೊಳ್ಳುವ ಕೋವಿಗಳನ್ನು ಸರಕಾರ ದುಡ್ಡು ಕೊಟ್ಟು ವಾಪಸು ಪಡೆದು ಪುಡಿಮಾಡಿತು. ಈ ಕೆಲಸಕ್ಕೆ ಅವು ಬೇಕಾಗಿಯೂ ಇಲ್ಲ ಎನ್ನುತ್ತಾನೆ ಯಜಮಾನ. ಎರಡನೇ ಈಡು ಬೇಗ ಬೇಕಾದವನು ಮೊದಲನೆಯದನ್ನು ಸರಿಯಾಗಿ ಹೊಡೆದಿಲ್ಲ ಎಂದೇ ಅರ್ಥವಂತೆ.

ಪ್ರತಿದಿನ ಸಂಜೆ ಹೊರಡುವ ಮುಂಚೆ ಒಂದು ಡಬ್ಬಿಗೆ ಗುರಿಯಿಟ್ಟು ದುರ್ಬೀನು ಸರಿಯಿದೆಯೇ ನೋಡುತ್ತಾನೆ. ಗಾಡಿ ಕುಲುಕಿ ಕೂದಲೆಳೆ ಸರಿದರೂ ಎಂಬತ್ತು ಮೀಟರ್‌ನಲ್ಲಿ ತಲೆಗಿಟ್ಟ ಗುರಿ ದವಡೆಗೆ ಬೀಳುತ್ತದೆ.

ಲೆಕ್ಕದ ಮೇಷ್ಟ್ರು, ಧಾರವಾಡ

ಇಷ್ಟು ಹೊಡೆದರೆ ಸಂತತಿ ಉಳಿಯುವುದೇ? ನಮ್ಮಲ್ಲಿ ಚೀತಾಕ್ಕೆ ಆದದ್ದು ಗೊತ್ತಿದೆಯಲ್ಲ.

ಗೋಡಾಕ್ಟರ್, ಅಡಿಲೇಡ್

ಮೇಷ್ಟ್ರೇ, ಸಂತತಿಯ ಭಯ ಈ ನಾಲ್ಕು ಜಾತಿಗಳಿಗೆ ಕಡಿಮೆ: ಕೆಂಪು, ಪೂರ್ವದ ಬೂದು, ಪಶ್ಚಿಮದ ಬೂದು, ಗುಡ್ಡದ ವಾಲರೂ. ಸಣ್ಣ ವಿಮಾನದಲ್ಲಿ ಗೆರೆ ಹಿಡಿದು ಹಾರಿ ಎಣಿಸುತ್ತಾರೆ. ಅಂದಾಜಿನ ಸುಮಾರು 15 ಶೇಕಡಾದಷ್ಟು ಕೋಟಾ, ಜಾತಿಯನ್ನೂ ರಾಜ್ಯವನ್ನೂ ನೋಡಿ ಸ್ವಲ್ಪ ಆಚೀಚೆ. ಒಳ್ಳೆಯ ಮಳೆಯ ವರ್ಷಗಳು ಸಾಲಾಗಿ ಬಂದರೆ ಎಣಿಕೆ 4 ಕೋಟಿ ದಾಟುತ್ತದೆ, ಬರದಲ್ಲಿ ಅರ್ಧಕ್ಕೂ ಕುಸಿಯುತ್ತದೆ. ನಿಜವಾಗಿ ಹೊಡೆಯುವುದು ವರ್ಷಕ್ಕೆ 15 ಲಕ್ಷದ ಆಸುಪಾಸು, ಕೋಟಾ ತುಂಬುವುದೇ ಇಲ್ಲ.

ಇವುಗಳನ್ನು ಹೆಚ್ಚಿಸಿದ್ದೂ ಮನುಷ್ಯರೇ. ಕುರಿಗಳಿಗೆಂದು ಒಣನೆಲದಲ್ಲಿ ಕೊಳವೆಬಾವಿ, ತೊಟ್ಟಿ ಮಾಡಿದರು, ಕಾಂಗರೂಗಳೂ ಕುಡಿದವು. ಕುರಿ ಉಳಿಸಲು ಡಿಂಗೋ ಎಂಬ ಕಾಡುನಾಯಿ ತಡೆಯುವ ಬೇಲಿ ಹಾಕಿದರು, 5,600 ಕಿಲೋಮೀಟರ್ ಉದ್ದ. ಕಾಂಗರೂ ತಿನ್ನುವ ದೊಡ್ಡ ಪ್ರಾಣಿ ಬೇಲಿಯಾಚೆ ಉಳಿಯಿತು.

ತಂಪುಪೆಟ್ಟಿಗೆ

ಬರದ ಮಾತು ಬಂತಲ್ಲ. 2019ರಲ್ಲಿ ನಾನು ದಿನಾ ಓಡಾಡುವ ರಸ್ತೆಯ ಬದಿ ಹಸಿರು ಎಂದರೆ ಡಾಂಬರಿನ ಅಂಚಿನ ಗೆರೆಯಷ್ಟೇ. ಇಬ್ಬನಿ ಡಾಂಬರಿನಿಂದ ಹರಿದು ಅಲ್ಲಿ ನಾಲ್ಕು ಹುಲ್ಲು. ಅದಕ್ಕೆ ಬಂದವನ್ನು ರಾತ್ರಿಯ ಲಾರಿಗಳು ಒರೆಸಿಕೊಂಡು ಹೋಗುತ್ತಿದ್ದವು. ಒಂದು ಕೆರೆಯಲ್ಲಿ ನೀರು ಇಂಗಿ ಕೆಸರು ಮಾತ್ರ ಉಳಿದಿತ್ತು. ನೀರಿಗೆಂದು ಇಳಿದ ಕಾಂಗರೂಗಳು ಹೂತು, ಕುತ್ತಿಗೆ ಮಾತ್ರ ಮೇಲಿಟ್ಟುಕೊಂಡು ಎರಡು ಮೂರು ದಿನ ಬದುಕಿದ್ದವು. ಯಜಮಾನ ಅಲ್ಲಿಗೆ ಹೋಗಿ ಹನ್ನೊಂದು ತೋಟಾ ಖರ್ಚು ಮಾಡಿ ಬಂದ. ಅದಕ್ಕೆ ಯಾರೂ ಕಿಲೋ ಲೆಕ್ಕ ಕೊಡಲಿಲ್ಲ.

ಪದಕೋಶ

ಸ್ವಲ್ಪ ಹಗುರ ಮಾಡೋಣ. ಕಾಂಗರೂ ಎಂದರೆ ‘ನನಗೆ ಗೊತ್ತಿಲ್ಲ’ ಎಂದರ್ಥ, ಕ್ಯಾಪ್ಟನ್ ಕುಕ್ ಕೇಳಿದ್ದಕ್ಕೆ ಅಲ್ಲಿಯವರು ಹಾಗೆಂದರು ಎಂದು ಶಾಲೆಯಲ್ಲಿ ಹೇಳಿದ್ದರು. ಅದು ಕಟ್ಟುಕಥೆ. 1770ರಲ್ಲಿ ಕುಕ್‌ನ ಹಡಗು ಹವಳದ ದಿಬ್ಬಕ್ಕೆ ಬಡಿದು ಎಂಡೆವರ್ ನದಿಯ ಬಾಯಲ್ಲಿ ರಿಪೇರಿಗೆ ನಿಂತಾಗ ಗುಗು ಯಿಮಿದಿರ್ ಭಾಷೆಯವರು ಒಂದು ಜಾತಿಯ ಕಾಂಗರೂವಿಗೆ ಹೇಳಿದ ಹೆಸರು ‘ಗಂಗುರು’. 1970ರ ದಶಕದಲ್ಲಿ ಭಾಷಾವಿಜ್ಞಾನಿಯೊಬ್ಬರು ಅಲ್ಲಿಗೇ ಹೋಗಿ ಕೇಳಿ ಖಚಿತಪಡಿಸಿದರು.

ನರ್ಸಮ್ಮ, ಕನ್ನಮಲ್ಲ

ಇಷ್ಟು ಉದ್ದದ ಚರ್ಚೆಯಲ್ಲಿ ಆ ನೆಲದ ಮೂಲನಿವಾಸಿಗಳನ್ನು ಪದಕೋಶದವರು ಮಾತ್ರ ನೆನೆದರು. ನಾನಿರುವ ಊರಿನಲ್ಲಿ ಕಾಂಗರೂ ಬಾಲ ಎಂದರೆ ಹಬ್ಬದೂಟ. ಕೆಂಡದಲ್ಲಿ ಕೂದಲು ಸುಟ್ಟು, ಹೆರೆದು, ಬೂದಿಯೊಳಗೆ ಹೂತಿಟ್ಟು ಗಂಟೆಗಟ್ಟಲೆ ಬಿಡುತ್ತಾರೆ. ಬಿಡಿಸಿದರೆ ಅಂಟಂಟಾದ ಮಾಂಸ, ಬೆರಳು ಅಂಟಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿದ್ದ ಒಬ್ಬ ಅಜ್ಜಿಗೆ ಮೊಮ್ಮಗ ಫಾಯಿಲ್‌ನಲ್ಲಿ ಸುತ್ತಿ ತಂದಿದ್ದ, ನನಗೂ ಒಂದು ತುಣುಕು ಕೊಟ್ಟಳು. ಈ ಮಾರಾಟದ ಬಗ್ಗೆ ಅವರಲ್ಲೂ ಒಂದೇ ಅಭಿಪ್ರಾಯವಿಲ್ಲ. ಕೆಲವರು ಅದೇ ಕೆಲಸ ಮಾಡುತ್ತಾರೆ, ಕೆಲವರಿಗೆ ಅದು ಕುಲದ ಪ್ರಾಣಿ.

ವೀಸಾಕಾಯುವವನು

ಅಣ್ಣ, ನನಗೆ ಬಿ.ಕಾಂ ಆಗಿದೆ, ಎನ್‌ಸಿಸಿಯಲ್ಲಿ ಗುರಿಯಲ್ಲಿ ಪದಕ ಬಂದಿದೆ. ಈ ಕೆಲಸ ಸಿಗುತ್ತದೆಯೇ?

ತಂಪುಪೆಟ್ಟಿಗೆ

ತಮ್ಮಾ, ಪದಕ ಚೀಲದಲ್ಲೇ ಇರಲಿ. ಕೋವಿ ಲೈಸೆನ್ಸ್, ಕಾಂಗರೂ ಹೊಡೆಯುವ ಬೇರೆ ಲೈಸೆನ್ಸ್, ಗುರಿ ಪರೀಕ್ಷೆ, ಮಾಂಸದ ಶುಚಿತ್ವದ ಕೋರ್ಸ್, ಜಮೀನಿನವನ ಒಪ್ಪಿಗೆ, ಆಮೇಲೆ ಗಾಡಿ. ಇಷ್ಟಕ್ಕೆ ಸಾಲ ಮಾಡಿ ನಿಂತರೆ ಕೊಳ್ಳುವವರು ಇರಬೇಕಲ್ಲ. ಒಂದು ಕಾಲಕ್ಕೆ ರಫ್ತಾಗುವ ಮಾಂಸದ ಮುಕ್ಕಾಲು ಪಾಲಿನಷ್ಟು ರಷ್ಯಾಕ್ಕೆ ಹೋಗುತ್ತಿತ್ತು. 2009ರ ಆಗಸ್ಟ್‌ನಲ್ಲಿ ಶುಚಿತ್ವದ ಕಾರಣ ಹೇಳಿ ಅವರು ಬಾಗಿಲು ಹಾಕಿದರು. ಆ ವರ್ಷ ಈ ಸೀಮೆಯಲ್ಲಿ ಅದೆಷ್ಟೋ ಚಿಲ್ಲರ್‌ಗಳ ಮೋಟಾರ್ ನಿಂತವಂತೆ. 2016ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರಾಟಕ್ಕೇ ನಿಷೇಧ. ಫುಟ್‌ಬಾಲ್ ಬೂಟಿಗೆ ಈ ಚರ್ಮದಷ್ಟು ತೆಳುವೂ ಗಟ್ಟಿಯೂ ಆದದ್ದು ಇಲ್ಲ ಎನ್ನುತ್ತಿದ್ದರು. 2023ರಲ್ಲಿ ನೈಕಿ, ಪ್ಯೂಮಾ ಎರಡೂ ಬಿಡುತ್ತೇವೆ ಎಂದವು. ಯಜಮಾನನ ಮಗ ಗಣಿಯಲ್ಲಿ ಲಾರಿ ಓಡಿಸುತ್ತಾನೆ. ಅಪ್ಪನ ಕೋವಿ ಮುಟ್ಟುವುದಿಲ್ಲ.

ಮೂಡಿಗೆರೆ ಗೌಡ

ಅದೆಲ್ಲ ಸರಿ, ರುಚಿ ಹೇಗಿದೆ ಎಂದು ಯಾರೂ ಕೇಳಲಿಲ್ಲವಲ್ಲ!

ತಂಪುಪೆಟ್ಟಿಗೆ

ಗೌಡರೇ, ಕೊಬ್ಬು ಇಲ್ಲವೇ ಇಲ್ಲ, ನೂರಕ್ಕೆ ಎರಡರಷ್ಟು. ನಮ್ಮ ಪದ್ಧತಿಯಲ್ಲಿ ಮಸಾಲೆ ಅರೆದು ಹದವಾಗಿ ಬೇಯಿಸೋಣ ಎಂದು ಹೊರಟರೆ ಚಪ್ಪಲಿಯಾಗುತ್ತದೆ, ನನ್ನ ಮನೆಯಲ್ಲಿ ಆಗಿದೆ. ಇವರು ಎರಡು ಬದಿಯೂ ಬಾಡಿಸಿ ಒಳಗೆ ಕೆಂಪಗಿರುವಾಗಲೇ ತಿನ್ನುತ್ತಾರೆ. ದೇಶದ ಹೆಚ್ಚಿನ ರಾಜ್ಯಗಳಲ್ಲಿ 1993ರವರೆಗೂ ಮನುಷ್ಯರ ಊಟಕ್ಕೆ ಮಾರುವಂತೆಯೇ ಇರಲಿಲ್ಲ, ನಾಯಿ ಬೆಕ್ಕಿಗೆ ಮಾತ್ರ. ಈಗಲೂ ಇಲ್ಲಿಯ ಬಹಳ ಜನ ನಾಯಿಗೇ ಹಾಕುತ್ತಾರೆ.

ಸುಮಾ, ಮೆಲ್ಬರ್ನ್

ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಆದರೆ ಒಂದು ಕೇಳಬೇಕು. ಇಷ್ಟು ವರ್ಷ ಮಾಡಿದವನಿಗೆ ಹೇಗನಿಸುತ್ತದೆ? ಎಂದಾದರೂ ಕೇಳಿದ್ದೀರಾ?

ತಂಪುಪೆಟ್ಟಿಗೆ

ಮೂರು ದಿನ ಉತ್ತರಿಸಲಿಲ್ಲ, ಕ್ಷಮಿಸಿ. ಮಳೆ ಬಂದು ದಾರಿ ಮುಚ್ಚಿತು. ಲಾರಿ ಬರಲಿಲ್ಲ, ತುಂಬಿದ ಪೆಟ್ಟಿಗೆಗಳನ್ನು ಕಾಯುವುದೇ ಕೆಲಸವಾಯಿತು.

ನಿನ್ನೆ ಯಜಮಾನನ ಹತ್ತಿರ ಹೋಗಿದ್ದೆ. ಚಿಲ್ಲರ್ ಬಾಗಿಲಿನ ರಬ್ಬರ್ ಬದಲಾಯಿಸುತ್ತಲೇ ನಿಮ್ಮ ಪ್ರಶ್ನೆ ಕೇಳಿದೆ, ನೀವು ಕೇಳಿದ್ದು ಎಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಚಾಕು ಮಸೆದ. ‘ಫ್ಯಾಕ್ಟರಿಯವರು ಹೆಣ್ಣು ಕಾಂಗರೂ ಕೊಳ್ಳುವುದು ನಿಲ್ಲಿಸಿದ ವರ್ಷ ನನ್ನ ಸಂಪಾದನೆ ಬಿತ್ತು. ಹೆಂಡತಿ ಅತ್ತಳು. ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ’ ಎಂದ. ಆಮೇಲೆ ರಬ್ಬರಿಗೆ ಎಷ್ಟಾಯಿತು ಎಂದು ಕೇಳಿದ.